ಊರು ಬಿಡುವ ಆಟ ಆಡಿಸಿದ ಅಕ್ಕೋರು

ಉಳಿದ ಶಿಕ್ಷಕರಿಗೆ ಸೀಮೆಸುಣ್ಣದ ಪುಡಿ ಬೆರಳಿಗೆ ಅಂಟುತ್ತದೆ. ಅವರಿಗೆ ಮಂಡಿಗೆ ಅಂಟುತ್ತಿತ್ತು. ಬೆಳಿಗ್ಗೆ ಇಸ್ತ್ರಿ ಮಾಡಿ ಉಟ್ಟು ಬಂದ ಹತ್ತಿಯ ಸೀರೆಯ ಮೇಲೆ ಸಂಜೆಯ ಹೊತ್ತಿಗೆ ಎರಡು ಬಿಳಿಯ ಗುರುತುಗಳು ಮೂಡಿರುತ್ತಿದ್ದವು. ಅವನ್ನು ಕೊಡವಿಕೊಳ್ಳಲು ಅವರು ಕೈ ಎತ್ತಿದ್ದನ್ನು ನಾನು ಕಾಣೆ. ಹಾಗೇ ಸಂತೆಗೆ ಹೋಗುತ್ತಿದ್ದರು, ಹಾಗೇ ಶಹಾಬಾದಿನ ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ಗೊತ್ತಿಲ್ಲದವರು ನೋಡಿದರೆ, ಎಲ್ಲೋ ಮಂಡಿಯೂರಿ ಹರಕೆ ತೀರಿಸಿ ಬಂದ ಹೆಂಗಸು ಎಂದುಕೊಳ್ಳಬೇಕು.

ಅವರು ಮಂಡಿಯೂರುತ್ತಿದ್ದುದು ಶಾಲೆಯ ಉದ್ದನೆಯ ವರಾಂಡದಲ್ಲಿ. ಫರ್ಸಿ ಕಲ್ಲು ಹಾಸಿದ ನೆಲ ಅದು. ಅಲ್ಲಿ ಮೊದಲು ಒಂದು ಹೊಳೆ ಬರೆಯುತ್ತಿದ್ದರು. ಹೊಳೆಯ ಈಚೆ ದಂಡೆಗೆ ಒಂದು ಊರು: ಚೌಕ ಚೌಕವಾಗಿ ಮನೆಗಳು, ಒಂದು ಬಾವಿ, ಒಂದು ಕಟ್ಟೆ. ಆಚೆ ದಂಡೆಗೆ ಜನರನ್ನು ತಡೆದು ಕೇಳುವ ಒಂದು ನಾಕಾ, ಅದರಾಚೆಗೆ ಇನ್ನೊಂದು ಊರು. ಗೆರೆ ಎಳೆಯುತ್ತ ಅವರು ಮಂಡಿಯ ಮೇಲೇ ಹೊಳೆ ದಾಟಿ ಆ ಕಡೆಗೆ ಹೋಗುತ್ತಿದ್ದರು. ಒಂಬತ್ತನೆಯ ತರಗತಿಯ ಮಕ್ಕಳು ಸುತ್ತ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಇವತ್ತು ಆಟ ಇದೆ ಎಂದು ಅವರಿಗೆ ಗೊತ್ತಾಗುತ್ತಿತ್ತು.

ಶಹಾಬಾದಿಗೂ ಕಾಗಿಣಾ ನದಿಗೂ ನಡುವಿನ ಒಂದು ಹಳ್ಳಿಯ ಪ್ರೌಢಶಾಲೆ ಅದು. ಅವರು ಅಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಆ ಊರಿನಲ್ಲಿ ಅಕ್ಕೋರು ಎಂದರೆ ಅವರೇ. ನಾನು ಕುರಕುಂಟಾದಿಂದ ಬಂದ ಅತಿಥಿ ಶಿಕ್ಷಕಿ, ವಿಜ್ಞಾನಕ್ಕೆ. ದಿನಾ ಹೋಗಿಬರುವಷ್ಟು ಹತ್ತಿರದ ದಾರಿಯಲ್ಲ. ಬಂದ ಮೊದಲ ವಾರವೇ ಅವರು ನನ್ನ ಚೀಲ ಕಸಿದುಕೊಂಡು, "ನಡಿ ತಂಗಿ, ನನ್ನ ಖೋಲ್ಯಾಗ ಜಾಗ ಭಾಳ ಅದ" ಎಂದು ಕರೆದುಕೊಂಡು ಹೋದರು. ಒಬ್ಬ ಮುಸ್ಲಿಂ ವಿಧವೆಯ ಮನೆಯ ಹಿತ್ತಲಿಗೆ ಹೊಂದಿಕೊಂಡ ಎರಡು ಕೋಣೆಗಳು. ಮನೆಯೊಡತಿಯನ್ನು ನಾವಿಬ್ಬರೂ ಖಾಲಾ, ಚಿಕ್ಕಮ್ಮ, ಎನ್ನುತ್ತಿದ್ದೆವು.

ಜಾಗ ಭಾಳ ಅದ ಎಂದದ್ದು ಸುಳ್ಳು. ಒಂದು ಕೋಣೆಯ ಅರ್ಧವನ್ನು ಕಬ್ಬಿಣದ ಕಪಾಟು ನುಂಗಿತ್ತು. ಇನ್ನರ್ಧದಲ್ಲಿ ಕಬ್ಬಿಣದ ಮಂಚ. ಅಡುಗೆಯ ಮೂಲೆಯಲ್ಲಿ ಒಂದು ಒಳಕಲ್ಲು; ಅದನ್ನು ತರಲು ನಾಲ್ಕು ಜನ ಬೇಕಾಗಿತ್ತಂತೆ. ಮಿಕ್ಸರ್ ಇದ್ದೂ ಇದು ಯಾಕೆ ಎಂದು ನಾನು ಕೇಳಿದಾಗ ಅವರು ನಕ್ಕಿದ್ದರು.

"ಮನ್ಯಾಗ ಎತ್ತಲಿಕ್ಕಿ ಬರಲಾರದಂಥಾ ಸಾಮಾನು ಇರಬೇಕು ತಂಗಿ. ನಮ್ಮವ್ವನ ಮನ್ಯಾಗ ಎಲ್ಲಾ ತಲಿಮ್ಯಾಲ ಹೊರೂವಂಥಾವೇ ಇದ್ದವು."

ಅವರ ತವರು ಸಿಂಧನೂರಿನ ಕಡೆ ಎಂದಷ್ಟೇ ಎಲ್ಲರಿಗೂ ಗೊತ್ತಿತ್ತು. ಮದುವೆಯಾಗಿರಲಿಲ್ಲ, ವಯಸ್ಸು ನಲವತ್ತು ದಾಟಿತ್ತು. ಕಾಗಿಣಾದ ಮೀನು ಸಿಕ್ಕ ದಿನ ಸಾಸಿವೆ ಅರೆದು ಸಾರು ಮಾಡುತ್ತಿದ್ದರು. ನಾನು ಮೀನು ತಿನ್ನುವವಳಲ್ಲ ಎಂದು ನನಗೆ ಬೇರೆ ಗಡಿಗೆಯಲ್ಲಿ ಪುಂಡಿಪಲ್ಯ ಬೇಯಿಸುತ್ತಿದ್ದರು. ಭಾನುವಾರ ಸಂಜೆ ಫೋನು ಹಿಡಿದು ಮಾಳಿಗೆ ಹತ್ತಿ, ತಾಯಿಯ ಜೊತೆ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಕೆಳಗೆ ಒಂದು ಅಕ್ಷರವೂ ಕೇಳುತ್ತಿರಲಿಲ್ಲ. ತಾಯಿ ಮಗಳ ಮಾತು, ನನಗೇಕೆ ಎಂದು ನಾನೂ ಸುಮ್ಮನಿರುತ್ತಿದ್ದೆ.

ಆಟದ ವಿಷಯ ಹೇಳಬೇಕು. ನೆಲದ ಮೇಲೆ ಊರು ಬರೆದಾದ ಮೇಲೆ ಅವರು ಒಬ್ಬೊಬ್ಬ ಮಗುವಿನ ಕಿವಿಯಲ್ಲಿ ಒಂದೊಂದು ಮಾತು ಹೇಳುತ್ತಿದ್ದರು. ನೀನು ಕಂಬಾರ. ನೀನು ಬಾಣಂತಿ. ನಿನಗೆ ಕಣ್ಣು ಕಾಣುವುದಿಲ್ಲ. ನಿನಗೆ ಆಚೆ ದಂಡೆಯ ಭಾಷೆ ಬರುವುದಿಲ್ಲ, ಬಾಯಿ ತೆರೆಯುವ ಹಾಗಿಲ್ಲ, ಕೈಸನ್ನೆ ಮಾತ್ರ. ಒಬ್ಬರನ್ನು ಕುರ್ಚಿಯ ಮೇಲೆ ಕೂಡಿಸಿ ನಾಕಾ ಕಾಯಲು ಹೇಳುತ್ತಿದ್ದರು. ಆಮೇಲೆ ಗಂಟೆ ಬಾರಿಸುತ್ತಿದ್ದರು. ಗಂಟೆ ಎಂದರೆ ಊರಿಗೆ ಬೆಂಕಿ ಬಿದ್ದಿದೆ, ಹೊರಡಬೇಕು. ಎರಡು ಕೈಗೆ ಹಿಡಿಸುವಷ್ಟು ಹಿಡಿದುಕೊಂಡು ಹೊಳೆ ದಾಟಿ, ನಾಕಾದವನ ಮುಂದೆ ನಿಂತು, ಒಳಗೆ ಬಿಡು ಎಂದು ಕೇಳಬೇಕು. ಬಿಡುವುದೂ ಬಿಡದಿರುವುದೂ ಅವನ ಇಚ್ಛೆ.

ನಾಕಾದ ಕುರ್ಚಿಯ ಮೇಲೆ ಕೂತ ಮಗು, ಅದು ಎಷ್ಟೇ ಮೆತ್ತನೆಯದಿರಲಿ, ಸ್ವಲ್ಪ ಹೊತ್ತಿನಲ್ಲೇ ಬಿರುಸಾಗುತ್ತಿತ್ತು. "ಏಯ್, ಸಾಲಿಗಿ ನಿಂದ್ರು! ನೀ ಯಾವೂರವ? ಹಿಂದಕ್ಕ ಸರಿ!" ಎನ್ನುತ್ತಿತ್ತು. ಅಕ್ಕೋರು ಬೈಯುತ್ತಿರಲಿಲ್ಲ. ಮರುದಿನ ಅದೇ ಮಗುವಿಗೆ ಭಾಷೆ ಬಾರದವನ ಪಾತ್ರ ಕೊಡುತ್ತಿದ್ದರು, ಅಷ್ಟೆ.

ಆಟ ಮುಗಿದ ಮೇಲೆ ಎಲ್ಲರನ್ನೂ ಕೂಡಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು. ಏನು ತಂದಿರಿ ಎಂದಲ್ಲ.

"ಏನು ಬಿಟ್ಟು ಬಂದ್ರಿ?"

ಎಮ್ಮೆ ಎನ್ನುತ್ತಿದ್ದ ಒಬ್ಬ. ಮನೆ ಮುಂದಿನ ಬೇವಿನ ಗಿಡ ಎನ್ನುತ್ತಿದ್ದಳು ಇನ್ನೊಬ್ಬಳು. ಅಪ್ಪನ ಫೋಟೊ ಎಂದು ಹೇಳಿ ಒಬ್ಬ ಹುಡುಗ ತಲೆ ಬಗ್ಗಿಸಿದ್ದ. ಅವನ ಅಪ್ಪ ನಿಜವಾಗಿಯೂ ಕಲ್ಲಿನ ಗಣಿಯಲ್ಲಿ ಸತ್ತಿದ್ದ.

ನಾನು ಬಂದ ವರ್ಷದ ಆಟದಲ್ಲಿ ಪಂಚಾಯಿತಿ ಮೆಂಬರರ ಮಗಳಿಗೆ ಅಜ್ಜಿಯ ಪಾತ್ರ ಬಂದಿತ್ತು. ಕಾಲು ಬಾರದ ಅಜ್ಜಿ. ಯಾರಾದರೂ ಎತ್ತಿಕೊಂಡು ಹೋದರೆ ಮಾತ್ರ ಕದಲಬೇಕು. ಅವಳ ಮೊಮ್ಮಗನಾಗಿದ್ದವನು ಒಬ್ಬ ತುಂಟ. ಗಂಟೆ ಬಾರಿಸಿದ್ದೇ ತಡ, ಗಂಟನ್ನೂ ಆಡನ್ನೂ ಎತ್ತಿಕೊಂಡಂತೆ ಮಾಡಿ ಒಂದೇ ಹಾರಿಗೆ ಹೊಳೆ ಹಾರಿಬಿಟ್ಟ. ಎಲ್ಲರೂ ನಕ್ಕರು. ಆಟ ಮುಗಿಯಿತು, ಊಟದ ಗಂಟೆಯೂ ಆಯಿತು, ಮಕ್ಕಳು ತಟ್ಟೆ ಹಿಡಿದು ಓಡಿದರು. ನಾನು ಹೊರಗೆ ಬಂದು ನೋಡಿದರೆ, ಖಾಲಿ ವರಾಂಡದಲ್ಲಿ ಆ ಹುಡುಗಿ ಸುಣ್ಣದ ಮನೆಯೊಳಗೆ ಇನ್ನೂ ಕೂತಿದ್ದಾಳೆ.

"ಯಾಕವ್ವಾ, ಊಟಕ್ಕ ಹೋಗಂಗಿಲ್ಲೇನು?" ಎಂದೆ.

"ನನ್ನ ಕರ್ಕೊಂಡು ಹೋಗ್ಲಿಕ್ಕಿ ಯಾರೂ ಬಂದಿಲ್ರಿ" ಎಂದಳು.

ಆ ತುಂಟ ಹುಡುಗನನ್ನು ಕರೆಸಬೇಕಾಯಿತು. ಅವನು ತಟ್ಟೆ ಇಟ್ಟು ಬಂದು, ಅವಳ ಮುಖ ನೋಡಿ, ಬೆನ್ನು ಬಗ್ಗಿಸಿದ. ಹೊತ್ತು ಹೊಳೆ ದಾಟಿಸಿದ. ಅಕ್ಕೋರು ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದರು. ಆಗ ಅವರ ಮುಖದಲ್ಲಿದ್ದದ್ದು ಸಂತೋಷವಲ್ಲ, ಒಂದು ಬಗೆಯ ಹಸಿವು. ಅದೇನೆಂದು ನನಗೆ ಆಗ ತಿಳಿಯಲಿಲ್ಲ.

ಮರುದಿನ ಮೆಂಬರರು ಬಂದರು. ಮಗಳು ರಾತ್ರಿ ಉಣ್ಣಲಿಲ್ಲವಂತೆ. ಮನೆಯ ಮುದುಕಿಯ ಸೆರಗು ಹಿಡಿದು, "ನಿನ್ನ ಬಿಟ್ಟು ಹೋಗಂಗಿಲ್ಲ" ಎಂದು ಅತ್ತಳಂತೆ.

"ಅಕ್ಕೋರ, ಮಕ್ಕಳ್ನ ಸಾಲಿಗಿ ಕಲೀಲಿಕ್ಕಿ ಕಳಸ್ತೀವೋ, ಅಳ್ಳಿಕ್ಕಿ ಕಳಸ್ತೀವೋ? ಮನಿ ಬಿಟ್ಟು ಹೋಗೂ ಆಟ ಅಂದ್ರ ಏನ್ರಿ ಅದು? ಅಪಶಕುನ!"

ಮುಖ್ಯ ಗುರುಗಳು ಅವರನ್ನು ಸಮಾಧಾನ ಮಾಡಿ ಕಳಿಸಿ, ಇದು ಸಿಲೆಬಸ್ಸಿನಲ್ಲಿಲ್ಲ, ನಿಲ್ಲಿಸಿ ಎಂದರು. "ನಿರಾಶ್ರಿತರು ಅಂತ ಒಂದು ಸಾಲು ಅದರಿ ಸರ್ ಪುಸ್ತಕದಾಗ. ಆ ಸಾಲು ಕಲಸ್ಲಿಕತ್ತೀನಿ" ಎಂದರು ಅಕ್ಕೋರು. ಆದರೂ ಆಟ ನಿಂತಿತು.

ಆ ವರ್ಷದ ಮಳೆಗಾಲ ಮುಗಿಯಿತು ಎಂದುಕೊಂಡಿದ್ದಾಗ ಮತ್ತೆ ಮಳೆ ಹಿಡಿಯಿತು. ತೊಗರಿ ಹೂವಿಗೆ ಬಂದಿತ್ತು. ಮೇಲಿನಿಂದ ನೀರು ಬಿಟ್ಟಿದ್ದಾರೆ ಎಂದರು. ಒಂದು ಬೆಳಗಿನ ಜಾವ ಕಾಗಿಣಾ ಹೊಳೆ ಕೆಳಗಿನ ಓಣಿಯೊಳಗೆ ಬಂತು. ಮಳಖೇಡದ ಕಡೆ ಸೇತುವೆ ಮುಳುಗಿದೆ ಎಂಬ ಸುದ್ದಿಯೂ ಬಂತು. ಊರಿನ ಅರ್ಧ ಜನ ಶಾಲೆಗೆ ಬಂದರು, ಅದು ದಿನ್ನೆಯ ಮೇಲಿತ್ತು. ಮೆಂಬರರ ಮನೆಯೊಳಗೂ ಎದೆಮಟ್ಟ ನೀರು. ಅವರ ತಾಯಿಯನ್ನು ಎತ್ತಿಕೊಂಡು ಬಂದು ಹತ್ತನೆಯ ತರಗತಿಯ ಬೆಂಚಿನ ಮೇಲೆ ಮಲಗಿಸಿದ್ದರು. ಅಕ್ಕೋರೂ ನಾನೂ ಅನ್ನ ಬಡಿಸುವುದರಲ್ಲಿ, ಒಣಬಟ್ಟೆ ಹಂಚುವುದರಲ್ಲಿ ಇದ್ದೆವು.

ಮಧ್ಯಾಹ್ನದ ಹೊತ್ತಿಗೆ ಗೇಟಿನ ಬಳಿ ಗದ್ದಲ ಕೇಳಿಸಿತು.

ಹಳ್ಳದ ದಂಡೆಯಲ್ಲಿ ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳಿದ್ದವು. ಅಲ್ಲಿ ಕೆಲಸಕ್ಕೆಂದು ಎಲ್ಲಿಂದಲೋ ಬಂದ ಕೆಲವು ಕುಟುಂಬಗಳು ತಾಡಪತ್ರಿಯ ಗುಡಿಸಲು ಹಾಕಿಕೊಂಡಿದ್ದವು. ಊರಿಗೂ ಅವರಿಗೂ ಬಳಕೆ ಇರಲಿಲ್ಲ, ಅವರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಗುಡಿಸಲು ಹೊಳೆಪಾಲಾಗಿ ಅವರು ಶಾಲೆಗೆ ಬಂದಿದ್ದರು. ಗೇಟು ಹಾಕಿತ್ತು. ಒಳಗಡೆ ಮೆಂಬರರೂ ನಾಲ್ಕಾರು ಗಂಡಸರೂ ನಿಂತಿದ್ದರು.

"ಇವರು ನಮ್ಮ ಊರವರಲ್ಲರಿ ಅಕ್ಕೋರ" ಎಂದರು ಮೆಂಬರರು. "ಶೆಡ್ಡಿನ ಮಾಲೀಕ ಕರಕೊಂಡು ಬಂದಾನ, ಅವನೇ ನೋಡ್ಕೋತಾನ."

"ಮಾಲೀಕ ಎಲ್ಲಿ ಅದಾನ್ರಿ?"

"ಅದು ನಮಗೇನು ಗೊತ್ತು? ನಮ್ಮ ಮಂದಿಗೇ ಮಗ್ಗಲು ಹಾಕ್ಲಿಕ್ಕಿ ಜಾಗ ಇಲ್ಲ. ನಮ್ಮವ್ವ ಚಳಿಯಿಂದ ನಡುಗ್ಲಿಕತ್ತಾಳ ಒಳಗ. ನೀವೇ ಹೇಳ್ರಿ, ಎಲ್ಲಿ ಹಾಕ್ಲಿ ಇವರ್ನ?"

ಅವರು ಕೆಟ್ಟ ಮನುಷ್ಯರಲ್ಲ. ಅವರ ಕಣ್ಣು ಕೆಂಪಾಗಿದ್ದವು, ಬೆಳಗಿನಿಂದ ಒಂದು ತುತ್ತು ತಿಂದಿರಲಿಲ್ಲ. ಅವರ ಹಿಂದೆ ಅವರ ಮಗಳು ನಿಂತಿದ್ದಳು.

ಗೇಟಿನಾಚೆ ಒಬ್ಬ ಹೆಂಗಸು ಸಣ್ಣ ಕೂಸನ್ನು ಎರಡೂ ಕೈಯಲ್ಲಿ ಮುಂದೆ ಚಾಚಿ ಹಿಡಿದು ಏನೋ ಕೂಗುತ್ತಿದ್ದಳು. ಕೂಸಿನ ತಲೆ ಒಂದು ಕಡೆಗೆ ಜೋತುಬಿದ್ದಿತ್ತು. ಅವಳು ಹೇಳಿದ್ದನ್ನೇ ಹೇಳುತ್ತಿದ್ದಳು. ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಆಗ ಅಕ್ಕೋರು ಉತ್ತರ ಕೊಟ್ಟರು. ಅದೇ ಭಾಷೆಯಲ್ಲಿ.

ಒಂದೇ ಮಾತು. ಆದರೆ ಅದು ಎಷ್ಟು ಸಲೀಸಾಗಿ ಬಂತೆಂದರೆ, ಆ ಹೆಂಗಸು ಕೂಗುವುದನ್ನೇ ಮರೆತು ಬಾಯಿ ತೆರೆದು ನಿಂತಳು. ಗೇಟಿನ ಈಚೆಗಿದ್ದವರೆಲ್ಲ ಅಕ್ಕೋರ ಕಡೆ ತಿರುಗಿದರು. ಅಷ್ಟು ದಿನ ಒಂದೇ ಕೋಣೆಯಲ್ಲಿ ಮಲಗಿ ಎದ್ದ ನಾನೂ ಅಂದೇ ಮೊದಲ ಸಲ ಅವರ ಬಾಯಲ್ಲಿ ಆ ಮಾತು ಕೇಳಿದ್ದು.

"ನಿಮಗ ಇವರ ಮಾತು ಹ್ಯಾಂಗ ಬರ್ತದರಿ ಅಕ್ಕೋರ?" ಎಂದರು ಮೆಂಬರರು, ಬಹಳ ನಿಧಾನವಾಗಿ.

"ನಮ್ಮವ್ವನ ಮಾತು ರೀ ಅದು. ಬಂಗಾಲಿ" ಎಂದರು ಅಕ್ಕೋರು. "ಕೂಸಿಗಿ ಜ್ವರ ಬಂದಾದ. ಕೂಸು, ತಾಯಿ ಇಬ್ಬರ್ನಾದ್ರೂ ಒಳಗ ಬಿಡ್ರಿ. ಕೈ ಮುಗೀತೀನಿ."

ಯಾರೂ ಗೇಟು ತೆರೆಯಲಿಲ್ಲ. ಹಿಂದಿನಿಂದ ಒಬ್ಬ, "ಬಾಂಗ್ಲಾದೇಶದವರು!" ಎಂದ. ಅದು ಹೊರಗಿನವರಿಗೆ ಹೇಳಿದ್ದೋ ಅಕ್ಕೋರಿಗೆ ಹೇಳಿದ್ದೋ ತಿಳಿಯಲಿಲ್ಲ. ಮುಖ್ಯ ಗುರುಗಳು ಫೋನು ಕಿವಿಗೆ ಹಚ್ಚಿಕೊಂಡು ಆಫೀಸಿನೊಳಗೇ ಉಳಿದರು. ಅಕ್ಕೋರು ಮೆಂಬರರ ಮಗಳ ಕಡೆಗೆ ನೋಡಿದರು. ಅವಳು ಅಪ್ಪನ ಅಂಗಿಯ ಚುಂಗು ಹಿಡಿದು ನೆಲ ನೋಡಿದಳು.

ಅಕ್ಕೋರು ಪಕ್ಕದ ಸಣ್ಣ ಬಾಗಿಲಿನಿಂದ ಹೊರಗೆ ಹೋದರು. ನಾನೂ ಹಿಂದೆ ಹೋದೆ. ಅಷ್ಟೂ ಜನರನ್ನು ನಮ್ಮ ಕೋಣೆಗೆ ಕರೆದುಕೊಂಡು ಬಂದೆವು. ಖಾಲಾ ಬಾಗಿಲಲ್ಲಿ ನಿಂತು ನೋಡಿದರು. ಒಂದು ಮಾತೂ ಕೇಳದೆ ಆಡಿನ ಕೊಟ್ಟಿಗೆ ಬಿಡಿಸಿ ತಾಡಪತ್ರಿ ಹಾಸಿದರು, ದೊಡ್ಡ ಡೇಗಿನಲ್ಲಿ ಖಿಚಡಿಗೆ ಇಟ್ಟರು.

ಆ ಸಂಜೆ ಅಕ್ಕೋರು ಫೋನು ಮಾಡಲು ಮಾಳಿಗೆ ಹತ್ತಲಿಲ್ಲ. ನನ್ನ ಎದುರಿಗೇ, ಗಟ್ಟಿಯಾಗಿ ಮಾತಾಡಿದರು. ಆ ಕಡೆಯಿಂದ ಗಂಡುದನಿ ಬೈಯುವುದು ಕೇಳಿಸುತ್ತಿತ್ತು.

"ಅಣ್ಣ" ಎಂದರು ಫೋನು ಇಟ್ಟು. "ನಮ್ಮನ್ನ ಓಡ್ಸಿದ ಮಂದೀನ್ನ ಮನ್ಯಾಗ ಇಟ್ಕೊಂಡಿ ಅಂತ ಸಿಟ್ಟಾಗ್ಯಾನ. ಈ ಕೂಸು ಯಾರ್ನ ಓಡ್ಸ್ಯಾದ ಹೇಳು ಅಂದೆ."

ಮೆಲ್ಲಗೆ ಅವರ ಕತೆ ಹೊರಬಂತು. ಬಂಗಾಲದ ಗಡಿಯಾಚೆ ಹಿಂದೂ ಮುಸ್ಲಿಂ ಗಲಭೆಯಾದಾಗ ಅಪ್ಪ ಅವ್ವ ಮನೆ ಬಿಟ್ಟು ಓಡಿಬಂದವರು. ಒಂದು ಕ್ಯಾಂಪಿನಿಂದ ಇನ್ನೊಂದಕ್ಕೆ ಸಾಗಿಸಿ, ಕೊನೆಗೆ ಸಿಂಧನೂರಿನ ಹತ್ತಿರ ಹೊಲ, ಗುಡಿಸಲು ಕೊಟ್ಟು ಕೂಡಿಸಿದರು. ಇವರು ಹುಟ್ಟಿದ್ದು ಅಲ್ಲಿ.

"ಬಾಯಿಂದ ಆ ಮಾತು ಬಿದ್ರ ಎಲ್ಲಿಂದಾಕಿ ಅಂತ ಕೇಳ್ತಾರ ತಂಗಿ. ಇಲ್ಲೀದಾಕಿ ಅಂದ್ರ ನಗ್ತಾರ. ಅದಕ್ಕ ನುಂಗಿಬಿಟ್ಟಿದ್ದೆ."

ಮರುದಿನ ಬೆಳಿಗ್ಗೆ ಹೊಸ್ತಿಲ ಮೇಲೆ ಒಂದು ಚಂಬು ಹಾಲು ಇತ್ತು. ಮೆಂಬರರ ಮಗಳು ಓಣಿಯ ತಿರುವಿನಲ್ಲಿ ಓಡಿ ಮರೆಯಾದದ್ದನ್ನು ನಾನು ಕಂಡೆ. ಅಕ್ಕೋರು ಆ ಹಾಲನ್ನು ಕಾಯಿಸಿ ಕೂಸಿಗೆ ಹನಿಹನಿಯಾಗಿ ಕುಡಿಸಿದರು.

ಅದೇ ಮಧ್ಯಾಹ್ನ ಹುಡುಗರ ಗುಂಪೊಂದು ಖಾಲಾನ ಮನೆಯ ಮುಂದೆ ಬಂದು ನಿಂತಿತು. ಖಾಲಾನ ಮಗನನ್ನು ಹೊರಗೆ ಕರೆದು ಏನೋ ಹೇಳಿದರು. ಅವನು ಒಳಗೆ ಬಂದು ಬಾಗಿಲಿಗೆ ಅಗಳಿ ಹಾಕಿದ. "ಅಮ್ಮೀ, ನಮ್ಮ ಮನೀಗಿ ಬೆಂಕಿ ಹಚ್ಚಿದ್ರ ಯಾರು ಬರ್ತಾರ ಆರಸ್ಲಿಕ್ಕಿ?" ಎಂದ. ಖಾಲಾ ಅಕ್ಕೋರ ಎರಡೂ ಕೈ ಹಿಡಿದು, "ಮಾಫ್ ಕರೋ ಬೇಟಿ, ನನ್ನ ಮಗ ಹೆದರ್ಯಾನ" ಎಂದು ಅತ್ತರು.

ಒಂದು ಟೆಂಪೊ ಹಿಡಿದು ಅವರನ್ನೆಲ್ಲ ಹತ್ತಿಸಿಕೊಂಡು ವಾಡಿಗೆ ಹೊರಟೆವು. ಜಂಕ್ಷನ್ನಿನಲ್ಲಿ ಯಾವ ದಿಕ್ಕಿಗಾದರೂ ಗಾಡಿ ಸಿಗುತ್ತದೆ ಎಂಬುದೊಂದೇ ಲೆಕ್ಕ. ದಾರಿಯುದ್ದಕ್ಕೂ ಹೊಲಗಳಲ್ಲಿ ನೀರು. ತೊಗರಿಯ ತುದಿ ಮಾತ್ರ ಕಾಣುತ್ತಿತ್ತು. ವಾಡಿಯ ಪ್ಲಾಟ್‌ಫಾರಮ್ಮಿನಲ್ಲಿ ಆ ಜನ ಗಂಟುಗಳಂತೆ ಒತ್ತೊತ್ತಾಗಿ ಕೂತರು. ಅಕ್ಕೋರು ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಅದರ ಹಣೆ ಒರೆಸುತ್ತಿದ್ದರು. ಒರೆಸುತ್ತಲೇ, ನನ್ನ ಮುಖ ನೋಡದೆ, ಹೇಳಿದರು:

"ನನಗೊಬ್ಬಾಕಿ ಅಕ್ಕ ಇದ್ದಳು ತಂಗಿ. ಇಷ್ಟೇ ಇದ್ದಳಂತ. ಓಡಿ ಬರೂ ದಾರ್ಯಾಗ ಹಿಂಗೇ ಜ್ವರ ಬಂದು ಸತ್ತಳು. ಮಣ್ಣು ಮಾಡ್ಲಿಕ್ಕಿ ಸುತ್ತ ಮುತ್ತ ಒಣನೆಲ ಇರಲಿಲ್ಲ. ಒಂದು ಗಿಡದ ಬುಡಕ್ಕ ಇಟ್ಟು ಬಂದಾರ. ಸಣ್ಣಾಕಿದ್ದಾಗ ನಾ ಅವ್ವಗ ಕೇಳ್ತಿದ್ದೆ, ಅಲ್ಲಿ ಏನೇನು ಬಿಟ್ಟು ಬಂದ್ರಿ ಅಂತ. ಅವ್ವ ಹೇಳ್ತಿದ್ದಿಲ್ಲ. ಎದ್ದು ಹೋಗ್ತಿದ್ದಳು."

ಅವರು ಕೂಸಿನ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡಿದರು, ತಟ್ಟನೆ ಎದ್ದರು. ಗಾಡಿಗೆ ಕಾಯುವಂತಿಲ್ಲ ಎಂದರು. ಉಳಿದವರನ್ನು ಅಲ್ಲಿಯೇ ಬಿಟ್ಟು, ಕೂಸು ಮತ್ತು ಅದರ ತಾಯಿಯ ಜೊತೆ ಜೀಪು ಹಿಡಿದು ಕಲಬುರಗಿಯ ಆಸ್ಪತ್ರೆಗೆ ಓಡಿದೆವು.

ಕೂಸು ಉಳಿಯಿತು. ಕೆಲವು ದಿನಗಳ ಮೇಲೆ ಆ ತಾಯಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಮುಂದೆ ಹೋದ ತನ್ನವರನ್ನು ಸೇರಲು ರೈಲು ಹತ್ತಿದಳು. ಗಾಡಿ ಕದಲುವಾಗ ಕಿಟಕಿಯಿಂದ ಏನೋ ಕೇಳಿದಳು.

"ಏನಂದಳ್ರಿ?" ಎಂದೆ.

"ದೀದಿ, ನಿನ್ನ ಊರು ಯಾವುದು ಅಂತ ಕೇಳಿದಳು."

"ಏನು ಹೇಳಿದ್ರಿ?"

"ಗಾಡಿ ಬಿಡ್ತಲ್ಲ" ಎಂದರು.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ನೀರು ಇಳಿಯಿತು, ಶಾಲೆ ಶುರುವಾಯಿತು. ಅಕ್ಕೋರು ತರಗತಿಗೆ ಹೋದರೆ ಕೆಲವು ಮಕ್ಕಳ ಬೆಂಚು ಖಾಲಿ. ಅಂಗಡಿಯವನು ಅವರಿಗೆ ಸಾಮಾನು ಕೊಡುವಾಗ ಮಾತಾಡಿಸುವುದನ್ನು ಬಿಟ್ಟ. ಸ್ವಲ್ಪ ದಿನಕ್ಕೆ ಮೇಲಿನಿಂದ ಒಬ್ಬ ಅಧಿಕಾರಿ ಬಂದರು. ಶಿಕ್ಷಕಿ ಹೊರದೇಶದವರು, ಹೊರದೇಶದವರನ್ನು ಬಚ್ಚಿಟ್ಟಿದ್ದರು ಎಂದು ಊರಿನಿಂದ ದೂರು ಹೋಗಿತ್ತು. ವಿಚಾರಣೆ ಮುಗಿಯುವವರೆಗೆ ಚಿಂಚೋಳಿ ಕಡೆಯ ಗಡಿಹಳ್ಳಿಯ ಶಾಲೆಗೆ ನಿಯೋಜನೆ ಎಂದರು.

ಹೊರಡುವ ದಿನ ಕಪಾಟು, ಮಂಚ, ಒಳಕಲ್ಲು ಯಾವುದನ್ನೂ ಅವರು ಒಯ್ಯಲಿಲ್ಲ. ಒಂದು ಚೀಲ, ಒಂದು ಟ್ರಂಕು. ಖಾಲಾ ಬುತ್ತಿ ಕಟ್ಟಿ ಕೊಟ್ಟರು. ಬಸ್ಸಿನವರೆಗೆ ಹೋದವಳು ನಾನೊಬ್ಬಳೇ. ಶಾಲೆಯ ಕಾಂಪೌಂಡಿನ ಆಚೆಯಿಂದ ಮಕ್ಕಳು ನೋಡುತ್ತಿದ್ದರು, ಯಾರೂ ಕೈ ಬೀಸಲಿಲ್ಲ. ಮುಂದಿನ ವರ್ಷ ನನ್ನನ್ನೂ ಮತ್ತೆ ಕರೆಯಲಿಲ್ಲ. ನಾನು ಸೇಡಮಿನ ಒಂದು ಖಾಸಗಿ ಶಾಲೆ ಸೇರಿಕೊಂಡೆ.

ಚಿಂಚೋಳಿಯಿಂದ ಕಲಬುರಗಿಯ ಕಚೇರಿಗೆ ಹೋಗಿಬರುವಾಗ ಅವರು ಸೇಡಮಿನಲ್ಲಿ ಇಳಿಯುತ್ತಿದ್ದರು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಇಬ್ಬರೂ ಚಹಾ ಕುಡಿಯುತ್ತಿದ್ದೆವು. ಪ್ರತಿಸಲವೂ ಅವರು ಇನ್ನಷ್ಟು ಒಣಗಿರುತ್ತಿದ್ದರು. ಗಡಿಯ ಶಾಲೆಯಲ್ಲಿ ಮಕ್ಕಳ ಕನ್ನಡದಲ್ಲಿ ತೆಲುಗು ಬೆರೆತಿರುತ್ತದೆ, ಅದು ಚೆಂದ ಎನ್ನುತ್ತಿದ್ದರು. ಅದೊಂದೇ ಸಂತೋಷದ ಸುದ್ದಿ.

"ಅಲ್ಲಿ ಆಟ ಆಡಸ್ತೀರೇನ್ರಿ?" ಎಂದು ಒಮ್ಮೆ ಕೇಳಿದೆ.

ಅವರು ಚಹಾದ ಲೋಟವನ್ನು ಕೆಳಗಿಟ್ಟರು. "ನನ್ನ ಆಟ ಸುಳ್ಳಾತು ತಂಗಿ. ಆಟದಾಗ ಅತ್ತ ಹುಡುಗಿ ಖರೇ ಬಾಗಲಾ ಬಂದಾಗ ಅಪ್ಪನ ಹಿಂದ ನಿಂತಳು."

"ಹಾಲು ತಂದಿಟ್ಟಳಲ್ಲರಿ."

"ತಂದಳು. ಹೌದು. ಯಾರಿಗೂ ಕಾಣದಂಗ ತಂದಳು." ಲೋಟವನ್ನು ಮತ್ತೆ ಎತ್ತಿಕೊಂಡು ಹೇಳಿದರು: "ಆ ಹುಡುಗೀದು ತಪ್ಪಲ್ಲ. ಬಾಗಲಾ ಕಾಯೋರು ದೊಡ್ಡವರು. ನಾ ಸಣ್ಣವರಿಗಿ ಕಲಸ್ಕೋತ ಕುಂತೆ."

ಇನ್ನೊಂದು ಸಲ, ಕಚೇರಿಯಲ್ಲಿ ಏನು ಕೇಳುತ್ತಾರೆ ಎಂದೆ. "ನಮ್ಮಪ್ಪ ಹುಟ್ಟಿದ ಊರಿನ ದಾಖಲಿ ಕೇಳ್ತಾರ. ಆ ಊರು ಎಂದೋ ಹೊಳಿ ಪಾಲಾಗ್ಯದಂತ. ಇನ್ನ ಹೊಳೀಗೇ ಹೋಗಿ ಸಹಿ ಮಾಡಿಸ್ಕೊಂಡು ಬರಬೇಕೇನು?" ಎಂದು ನಕ್ಕರು. ಆ ನಗು ನೋಡಲು ಆಗುತ್ತಿರಲಿಲ್ಲ. ಅಂದೇ ಅವರ ಕಣ್ಣು ಹಳದಿಯಾಗಿದ್ದನ್ನು ನಾನು ಗಮನಿಸಿದ್ದು. ಈಗಲೇ ಡಾಕ್ಟರ ಹತ್ತಿರ ನಡೆಯಿರಿ ಎಂದು ಕೈ ಹಿಡಿದು ಎಳೆದೆ. "ಇವತ್ತು ಸಾಹೇಬರು ಸಿಗ್ತಾರ ಅಂತ. ಅವರ್ನ ನೋಡಿ ಬರ್ತೀನಿ, ಆಮ್ಯಾಲ ಹೋಗೂಣು" ಎಂದು ಬಸ್ಸು ಹತ್ತಿದರು.

ಕಾಮಾಲೆ ಏರಿತ್ತು. ಕಲಬುರಗಿಯಲ್ಲೇ ಬಿದ್ದರಂತೆ. ಅಣ್ಣ ಬಂದು ಊರಿಗೆ ಕರೆದುಕೊಂಡು ಹೋದರು. ಅಲ್ಲಿ ತೀರಿಕೊಂಡರು. ನನಗೆ ಫೋನು ಬಂದಾಗ ಎಲ್ಲವೂ ಮುಗಿದಿತ್ತು. ಆ ವಿಚಾರಣೆ ಏನಾಯಿತೋ ಇಂದಿಗೂ ಗೊತ್ತಿಲ್ಲ. ಕೇಳಲು ಹೋದರೆ, ನೀವು ಅವರಿಗೆ ಏನಾಗಬೇಕು ಎಂದರು. ಏನಾಗಬೇಕೆಂದು ನನಗೂ ಹೇಳಲು ಬರಲಿಲ್ಲ.

ನಮ್ಮ ಶಾಲೆಗೆ ಈಗ ಸಿಮೆಂಟು ಕಾರ್ಖಾನೆಯ ಕೂಲಿಯವರ ಮಕ್ಕಳು ಎಲ್ಲೆಲ್ಲಿಂದಲೋ ಬರುತ್ತಾರೆ. ಹೊಸದಾಗಿ ಬಂದ ಮಗುವಿಗೆ ಅಪ್ಪನ ಹೆಸರೇನು, ಯಾವ ರಾಜ್ಯ ಎಂದು ಎಲ್ಲರೂ ಕೇಳುತ್ತಾರೆ. ನಾನು ಪಕ್ಕದಲ್ಲಿ ಕೂತು ಅಕ್ಕೋರ ಪ್ರಶ್ನೆ ಕೇಳುತ್ತೇನೆ. ಮೊನ್ನೆ ಒಂದು ಹುಡುಗಿ ಬಹಳ ಹೊತ್ತು ಯೋಚಿಸಿ, ಮುರುಕು ಕನ್ನಡದಲ್ಲಿ "ನಾಯಿ" ಎಂದಳು. ಆಮೇಲೆ ಆ ನಾಯಿಯ ಹೆಸರು ಹೇಳಿದಳು. ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಇದರಿಂದ ಲೋಕ ಬದಲಾಗುತ್ತದೆಂದು ನಾನು ನಂಬಿಲ್ಲ. ಕೊನೆಕೊನೆಗೆ ಅವರೂ ನಂಬಿರಲಿಲ್ಲ. ಆದರೂ ಕೇಳದೆ ಇರಲಾರೆ.

ಅವರು ತೀರಿಹೋದ ವಾರದಲ್ಲಿ ನಾನು ಅವರ ಊರಿಗೆ ಹೋದೆ. ಸೇಡಮಿನಿಂದ ಬಸ್ಸು ಬದಲಿಸುತ್ತ ಬದಲಿಸುತ್ತ ಇಡೀ ದಿನದ ದಾರಿ. ಕಾಲುವೆಯ ದಂಡೆಯ ಮೇಲೆ ಭತ್ತದ ಗದ್ದೆಗಳ ನಡುವೆ ಆ ಕ್ಯಾಂಪು. ಅಣ್ಣ ನನ್ನನ್ನು ಒಳಗೆ ಕರೆದರು. ಅವರ ತಾಯಿ ಬಿಳಿ ಸೀರೆ ಉಟ್ಟು ಚಾಪೆಯ ಮೇಲೆ ಕೂತಿದ್ದರು, ಹಕ್ಕಿಯಷ್ಟು ಸಣ್ಣ ಜೀವ. ನಾನು ಯಾರೆಂದು ಮಗ ಹೇಳಿದರು. ಆಕೆ ಕೈ ಚಾಚಿ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡರು. ಮಂಡಕ್ಕಿ, ಬೆಲ್ಲ ತರಿಸಿ ಮುಂದಿಟ್ಟರು. ನಾನು ಅಳುತ್ತಿದ್ದೆ, ಆಕೆ ಅಳುತ್ತಿರಲಿಲ್ಲ. ನನ್ನ ಕಾಲಿನ ಧೂಳನ್ನೇ ನೋಡುತ್ತಿದ್ದರು.

"ಭಾಳ ದೂರದಿಂದ ಬಂದಿ?" ಎಂದರು, ತಡೆತಡೆದು, ಕನ್ನಡದಲ್ಲಿ.

"ಹೌದವ್ವಾ, ಭಾಳ ದೂರ."

"ದಾರ್ಯಾಗ ಯಾರೂ ತಡೀಲಿಲ್ಲ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಇಲ್ಲವ್ವಾ, ಯಾರೂ ತಡೀಲಿಲ್ಲ" ಎಂದೆ.

ಆಕೆ ನಂಬದೆ ಮಗನ ಕಡೆ ತಿರುಗಿ ತಮ್ಮ ಮಾತಿನಲ್ಲಿ ಏನೋ ಕೇಳಿದರು. ಅಣ್ಣ ತಲೆ ಬಗ್ಗಿಸಿಕೊಂಡು ನನಗೆ ಹೇಳಿದರು: "ಹೋಗೂವಾಗಾದ್ರೂ ಯಾರಾದ್ರೂ ತಡೀತಾರೇನೋ ಅಂತ ಅವ್ವಗ ಅಂಜಿಕಿರಿ. ಇವತ್ತು ಇಲ್ಲೇ ಇರು ಅಂತಾಳ."